ಎತ್ತಿಗೆ ಸೂಜಿ, ಮೊಮ್ಮಗಳಿಗೆ ಫಾರ್ವರ್ಡ್

ಗುಂಪು: ಎಸ್ಸೆಸ್ಸೆಲ್ಸಿ 1990, ರಾಣೇಬೆನ್ನೂರು ಬಳಗ
ಮಂಗಳವಾರ, ರಾತ್ರಿ 8:47

ಬಸವರಾಜ: (ವಿಡಿಯೊ, ಹಲವು ಬಾರಿ ಫಾರ್ವರ್ಡ್ ಆಗಿದೆ)
"ಎಚ್ಚರಿಕೆ!! ಎಂಆರ್ ಚುಚ್ಚುಮದ್ದು ಪಡೆದ ಬಾಲಕಿ ಶಾಲೆಯಲ್ಲೇ ಕುಸಿದು ಬಿದ್ದಳು. ಇದರಲ್ಲಿ ಪಾದರಸವಿದೆ. ಮಕ್ಕಳಿಗೆ ಆಟಿಸಂ ಬರುತ್ತದೆ, ಮುಂದೆ ಸಂತಾನವಾಗುವುದಿಲ್ಲ. ವಿದೇಶಗಳಲ್ಲಿ ನಿಷೇಧಿಸಿದ ಔಷಧವನ್ನು ನಮ್ಮ ಮೇಲೆ ಪ್ರಯೋಗಿಸುತ್ತಿದ್ದಾರೆ. ಕೂಡಲೇ ಹತ್ತು ಗುಂಪುಗಳಿಗೆ ಕಳುಹಿಸಿ."

ಬಸವರಾಜ: ಗೆಳೆಯರೇ, ಇದು ನಿಜವೇ? ನಮ್ಮ ಮೊಮ್ಮಗಳಿಗೆ ಒಂಬತ್ತು ತಿಂಗಳು ತುಂಬಿವೆ. ಗುರುವಾರ ಅಂಗನವಾಡಿಯಲ್ಲಿ ದಡಾರ, ರುಬೆಲ್ಲಾಗೆ ಹಾಕುವ ಇದೇ ಸೂಜಿ ಎಂದು ಆಶಾ ಕಾರ್ಯಕರ್ತೆ ಹೇಳಿ ಹೋಗಿದ್ದಾಳೆ. ಸದ್ಯಕ್ಕೆ ಬೇಡವೆಂದು ಮನೆಯಲ್ಲಿ ಹೇಳಿದ್ದೇನೆ.

ಗಿರೀಶ: ನಿಜವೇ ಎಂದು ಕೇಳುವವನೂ ನೀನೇ, ಬೇಡವೆಂದು ತೀರ್ಪು ಕೊಟ್ಟವನೂ ನೀನೇ. ಇನ್ನು ನಾವೇಕೆ?

ಬಸವರಾಜ: ಬೆಂಗಳೂರಿನಲ್ಲಿ ಕುಳಿತವರಿಗೆ ಎಲ್ಲವೂ ತಮಾಷೆ.

ಗಿರೀಶ: ತಮಾಷೆಯಲ್ಲ, ಕೇಳು. ಆಟಿಸಂ ಕಥೆ ಹುಟ್ಟಿದ್ದು 1998ರಲ್ಲಿ. ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ ಬರೀ 12 ಮಕ್ಕಳನ್ನು ಮುಂದಿಟ್ಟುಕೊಂಡು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೇಖನ ಬರೆದ. 2010ರಲ್ಲಿ ಪತ್ರಿಕೆಯೇ ಆ ಲೇಖನವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ವೈದ್ಯರ ಪಟ್ಟಿಯಿಂದ ಅವನ ಹೆಸರನ್ನೂ ತೆಗೆದು ಹಾಕಿದರು. ಡೆನ್ಮಾರ್ಕಿನವರು ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದರು. ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ವಿದೇಶದಲ್ಲಿ ನಿಷೇಧ ಎನ್ನುವುದಂತೂ ಹಸಿ ಸುಳ್ಳು. ಅಮೆರಿಕದಲ್ಲಿ ಇದರ ಜೊತೆಗೆ ಮಂಗನಬಾವಿನದ್ದನ್ನೂ ಸೇರಿಸಿ ಎಂಎಂಆರ್ ಎಂದು ಹಾಕುತ್ತಾರೆ. ಹಾಕಿಸದವರ ಗತಿ ಏನಾಯಿತು ಎನ್ನುವುದಕ್ಕೆ 2025ರಲ್ಲಿ ಟೆಕ್ಸಾಸ್‌ನಲ್ಲಿ ದಡಾರದಿಂದ ಸತ್ತ ಇಬ್ಬರು ಮಕ್ಕಳೇ ಸಾಕು. ನಮ್ಮಲ್ಲಿ ಹಾಕುವ ಲಸಿಕೆ ನಮ್ಮ ದೇಶದಲ್ಲೇ ತಯಾರಾಗುತ್ತದೆ ಮಾರಾಯ. ಇದೆಲ್ಲ ಹುಡುಕಲು ನನಗೆ ಐದು ನಿಮಿಷ ಹಿಡಿಯಿತು. ನೀನು ಫಾರ್ವರ್ಡ್ ಮಾಡಲು ಐದು ಸೆಕೆಂಡೂ ತೆಗೆದುಕೊಂಡಿಲ್ಲ.

ಬಸವರಾಜ: ಆಯಿತಪ್ಪ, ನೀನು ಜಾಣ. ನಾವು ಹಳ್ಳಿಯವರು ದಡ್ಡರು. ಗುಂಪು ಬಿಡಲೇ?

ಶೋಭಾ: ಗಿರೀಶ, ಇದೇ ಮಾತನ್ನು ಚುಚ್ಚದೆ ಹೇಳಲು ಬರುತ್ತಿರಲಿಲ್ಲವೇ? ಬಸವರಾಜ, ಯಾರೂ ಗುಂಪು ಬಿಡುವುದಿಲ್ಲ. ನಾನು ಅಡ್ಮಿನ್, ನಾನು ಬಿಡಿಸಿದರೆ ಮಾತ್ರ ಬಿಡಬೇಕು. ಊಟ ಮಾಡಿ ಬನ್ನಿ.

ರಾತ್ರಿ 9:30

ನಾಗಪ್ಪ: ನನ್ನದೊಂದು ಮಾತು. ನಮ್ಮ ಕಾಲದಲ್ಲಿ ಯಾರಿಗೆ ದಡಾರ ಬಂದಿರಲಿಲ್ಲ? ಕೆಲವರು ಗೊಬ್ಬರ ಎಂದೂ ಅನ್ನುತ್ತಿದ್ದರು. ಬೇವಿನ ಸೊಪ್ಪು ಹಾಸಿ ಮಲಗಿಸುತ್ತಿದ್ದರು, ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ. ವಾರ ಕಳೆದ ಮೇಲೆ ನೀರು ಹಾಕಿದರೆ ಮುಗಿಯಿತು. ನಾವೆಲ್ಲ ಬದುಕಿಲ್ಲವೇ?

ಶೋಭಾ: ಬದುಕಿದವರು ಈ ಗುಂಪಿನಲ್ಲಿದ್ದೇವೆ, ನಾಗಪ್ಪ. ಉಳಿಯದವರು ಬಂದು ಇಲ್ಲಿ ಬರೆಯುವುದಿಲ್ಲ. ಮೂರನೇ ಬೆಂಚಿನ ಈರಪ್ಪ ನೆನಪಿದ್ದಾನೆಯೇ? ಬಲಗಣ್ಣಿಗೆ ಹೂ ಬಿದ್ದಿತ್ತು, ಬೋರ್ಡು ಓದಲು ತಲೆ ಓರೆ ಮಾಡುತ್ತಿದ್ದ. ಎರಡು ವರ್ಷದವನಿದ್ದಾಗ ದಡಾರ ಬಂದು ಕಣ್ಣು ಹೋಯಿತು ಎಂದು ಅವನ ಅವ್ವ ನಮ್ಮ ಅವ್ವನ ಮುಂದೆ ಹೇಳಿಕೊಂಡು ಅತ್ತಿದ್ದಳು. ಅವನಿಗಿಂತ ಚಿಕ್ಕವಳೊಬ್ಬಳು ಅದೇ ವಾರ ತೀರಿಕೊಂಡಳು. ನಾವು ಅವನನ್ನು ಏನೆಂದು ಕರೆಯುತ್ತಿದ್ದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆಲ್ಲ ಗೊತ್ತು.

ನಾಗಪ್ಪ: ಗೊತ್ತು. ಅದು ದಡಾರದಿಂದ ಎಂದು ಗೊತ್ತಿರಲಿಲ್ಲ.

ಮಹಾಂತೇಶ (ಪಶುವೈದ್ಯ): ಈಗಷ್ಟೇ ಬಂದೆ, ಒಂದು ಎಮ್ಮೆಯ ಹೆರಿಗೆ ಇತ್ತು. ಎಲ್ಲ ಓದಿದೆ. ಬಸಣ್ಣ, ಒಂದು ಪ್ರಶ್ನೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ಹಾವೇರಿ ಜಿಲ್ಲೆಗೆ ನುಗ್ಗಿದಾಗ ಬೆಳಗಿನ ಜಾವ ನನಗೆ ಫೋನು ಮಾಡಿದವರು ಯಾರು?

ಬಸವರಾಜ: ನಾನೇ. ಅದಕ್ಕೇನು?

ಮಹಾಂತೇಶ: ಹಬ್ಬದಲ್ಲಿ ಓಡಿಸುವ ನಿನ್ನ ಕೊಬ್ಬರಿ ಹೋರಿಗೆ ಮೊದಲು ಹಾಕಬೇಕು, ಊರಿನ ಉಳಿದ ದನಗಳಿಗೆ ಆಮೇಲೆ ಎಂದು ಜಗಳ ತೆಗೆದಿದ್ದೆ. ಆಗ ನಾವು ಹಾಕಿದ್ದು ಏನು ಗೊತ್ತೇ? ಆಡುಗಳ ಸಿಡುಬಿಗೆಂದು ಮಾಡಿದ ಲಸಿಕೆ. ದನಕ್ಕೆಂದೇ ಮಾಡಿದ್ದು ಆಗ ಕೈಗೆ ಸಿಗುತ್ತಿರಲಿಲ್ಲ. ರೋಗಾಣುಗಳು ಒಂದೇ ಜಾತಿಯವು, ಇದು ಕೆಲಸ ಮಾಡುತ್ತದೆ ಎಂದು ನಾನು ಹೇಳಿದೆ, ನೀನು ಹೋರಿಯ ಹಗ್ಗ ಹಿಡಿದು ನಿಂತೆ. ಪಾದರಸ ಇದೆಯೇ ಎಂದು ಕೇಳಲಿಲ್ಲ. ಯಾವ ಕಂಪನಿ ಎಂದು ಕೇಳಲಿಲ್ಲ. ಕಾಲುಬಾಯಿ ಬೇನೆಯ ಸೂಜಿ ಹಾಕಿದ ಮೇಲೆ ಒಂದೆರಡು ದಿನ ಹಾಲು ಇಳಿಯುತ್ತದೆ, ಅದನ್ನೂ ಸಹಿಸಿಕೊಳ್ಳುತ್ತೀಯ. ಮೊಮ್ಮಗಳ ಸರದಿ ಬಂದಾಗ ಮಾತ್ರ ಎಲ್ಲಿಯದೋ ವಿಡಿಯೊ ಬೇಕಾಯಿತೇ?

ಬಸವರಾಜ: ಹೋರಿ ಬೇರೆ, ಕೂಸು ಬೇರೆ. ಹೋರಿ ಸತ್ತರೆ ಲಕ್ಷಾಂತರ ರೂಪಾಯಿ ಹೋಯಿತು ಎಂದು ಒಂದು ವಾರ ಊಟ ಬಿಡುತ್ತೇನೆ. ನಾನೇ ಕರೆದುಕೊಂಡು ಹೋಗಿ ಸೂಜಿ ಹಾಕಿಸಿದ ಕೂಸಿಗೆ ಹೆಚ್ಚುಕಡಿಮೆಯಾದರೆ ಸೊಸೆಗೆ, ಬೀಗರಿಗೆ ಯಾವ ಮುಖ ತೋರಿಸಲಿ? ಹಿರಿಯ ಮೊಮ್ಮಗನಿಗೆ ಒಂದೂವರೆ ತಿಂಗಳ ಸೂಜಿ ಹಾಕಿಸಿದಾಗ ಎರಡು ರಾತ್ರಿ ಮೈ ಕಾದ ಹಂಚಾಗಿತ್ತು. ಹಾಕಿದವರು ಒಂದು ಮಾತು ಮೊದಲೇ ಹೇಳಿರಲಿಲ್ಲ.

ಮಹಾಂತೇಶ: ಹೇಳದಿದ್ದದ್ದು ತಪ್ಪು, ಒಪ್ಪಿದೆ. ಆದರೆ ನಿನ್ನ ಲೆಕ್ಕ ನೋಡು. ಹಾಕಿಸಿ ಜ್ವರ ಬಂದರೆ ಅದು ನೀನು ಮಾಡಿದ್ದು, ಹಾಕಿಸದೆ ದಡಾರ ಬಂದರೆ ದೇವರು ಮಾಡಿದ್ದು. ಹೋರಿಯ ವಿಷಯದಲ್ಲಿ ಹೀಗೆ ದೇವರ ತಲೆಗೆ ಕಟ್ಟಲಿಲ್ಲ ನೀನು.

ಇನ್ನೊಂದು ಹೇಳುತ್ತೇನೆ, ಇದು ನನ್ನ ಕಸುಬಿನ ಮಾತು. ನಮ್ಮ ಅಜ್ಜಂದಿರು ದನಗಳ ದೊಡ್ಡರೋಗದ ಹೆಸರು ಕೇಳಿದರೆ ನಡುಗುತ್ತಿದ್ದರು. ಭೇದಿ ಹತ್ತಿ ಹಟ್ಟಿಗೆ ಹಟ್ಟಿಯೇ ಬರಿದಾಗುತ್ತಿತ್ತು, ಬಿತ್ತಲು ಎತ್ತಿಲ್ಲದೆ ಹೊಲ ಬೀಳು ಬೀಳುತ್ತಿತ್ತು. ನಮ್ಮ ದೇಶ 1954ರಲ್ಲಿ ಅದರ ನಿರ್ಮೂಲನೆಯ ಕಾರ್ಯಕ್ರಮ ಶುರು ಮಾಡಿತು. ಊರೂರಿಗೆ ಹೋಗಿ ದನಗಳಿಗೆ ಲಸಿಕೆ ಹಾಕಿದರು. 2011ರಲ್ಲಿ ಆ ರೋಗ ಇಡೀ ಭೂಮಿಯಿಂದಲೇ ಹೋಯಿತು ಎಂದು ಘೋಷಿಸಿದರು. ಮನುಷ್ಯರ ಸಿಡುಬಿನ ನಂತರ ಪೂರ್ತಿ ನಿರ್ನಾಮವಾದ ಎರಡನೇ ರೋಗ ಅದು. ಈಗ ಕೇಳು: ಆ ದೊಡ್ಡರೋಗದ ವೈರಸ್ ಮತ್ತು ಮಕ್ಕಳ ದಡಾರದ ವೈರಸ್ ಒಂದೇ ವಂಶ, ತೀರಾ ಹತ್ತಿರದ ದಾಯಾದಿಗಳು. ದನಗಳಲ್ಲಿದ್ದದ್ದು ಹೋಯಿತು. ಮಕ್ಕಳಲ್ಲಿರುವುದು ಇನ್ನೂ ಇದೆ. ಲಸಿಕೆ ಎರಡಕ್ಕೂ ಇತ್ತು, ಎರಡೂ ಒಳ್ಳೆಯ ಲಸಿಕೆಗಳೇ.

ಶೋಭಾ: ಇದು ನನಗೆ ಗೊತ್ತಿರಲಿಲ್ಲ.

ಗಿರೀಶ: ನನಗೂ.

ಬಸವರಾಜ: ಎಲ್ಲರೂ ಹಾಕಿಸಿದ್ದರೆ ನಮ್ಮದೊಂದು ಕೂಸು ಬಿಟ್ಟರೆ ಏನಾಗುತ್ತದೆ?

ಮಹಾಂತೇಶ: ನಿನ್ನ ಹಾಗೆ ಊರಿನಲ್ಲಿ ಎಷ್ಟು ಅಜ್ಜಂದಿರು ಹೀಗೆ ಯೋಚಿಸುತ್ತಿರಬಹುದು? ದಡಾರ ಬಂದ ಒಂದು ಮಗು, ಯಾರಿಗೂ ರಕ್ಷಣೆ ಇಲ್ಲದ ಕಡೆ, 12ರಿಂದ 18 ಜನರಿಗೆ ಅಂಟಿಸುತ್ತದೆ. ಮಗು ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ವೈರಸ್ ಉಳಿಯಬಹುದು. ಅದಕ್ಕೇ ನೂರಕ್ಕೆ 95 ಮಕ್ಕಳಿಗೆ ಎರಡೂ ಸೂಜಿ ಬಿದ್ದಿರಬೇಕು. ತುಸು ತಪ್ಪಿದರೂ ಸಂದಿ ಸಿಗುತ್ತದೆ.

ಬುಧವಾರ, ಬೆಳಗ್ಗೆ 6:55

ಇಮ್ತಿಯಾಜ್ (ಧಾರವಾಡ): ಎಲ್ಲರಿಗೂ ನಮಸ್ಕಾರ. ರಾತ್ರಿ ಮಲಗಿದ್ದೆ. ಬಸವರಾಜನ ಪರ ಒಂದು ಮಾತು ಹೇಳಲೇಬೇಕು. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ ಇದೇ ಎಂಆರ್ ಲಸಿಕೆ ಹಾಕಿಸಿಕೊಂಡ ಮೇಲೆ ಮೂರು ಹಸುಗೂಸುಗಳು ತೀರಿಕೊಂಡವು. ಧಾರವಾಡದಿಂದ ರಾಮದುರ್ಗ ದೂರವೇನಲ್ಲ. ಅದು ಫಾರ್ವರ್ಡ್ ಅಲ್ಲ, ಎಲ್ಲ ಪತ್ರಿಕೆಗಳಲ್ಲಿ ಬಂದ ಸುದ್ದಿ. ಹೆದರಿದವನನ್ನು ದಡ್ಡ ಎಂದರೆ ಹೇಗೆ?

ಬಸವರಾಜ: ಹೇಳು ಇಮ್ತಿಯಾಜ್, ಹೇಳು. ಗಿರೀಶ ಎಲ್ಲಿ ಹೋದ?

ಗಿರೀಶ: ಇಲ್ಲೇ ಇದ್ದೇನೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇಮ್ತಿಯಾಜ್: ಆಗ ಲಸಿಕೆಯನ್ನು ಇಟ್ಟ, ಬಳಸಿದ ರೀತಿಯಲ್ಲೇ ಲೋಪವಾಗಿದೆ ಎಂದು ಸಿಬ್ಬಂದಿಯನ್ನು ಅಮಾನತು ಮಾಡಿದರು. ಇಂಥದ್ದು ಹಿಂದೆಯೂ ಆಗಿದೆ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಬಂದಾಗ ಸಾವಿರಾರು ಜನ ಹಾಫ್‌ಕಿನ್ ಎಂಬ ವಿಜ್ಞಾನಿಯ ಪ್ಲೇಗ್ ಲಸಿಕೆ ಹಾಕಿಸಿಕೊಂಡರು. ಹಾಫ್‌ಕಿನ್ ಅದನ್ನು ಹಿಂದಿನ ವರ್ಷ ಮುಂಬಯಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ್ದ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಊರಿನಲ್ಲಿ ಅದೇ ಲಸಿಕೆಯ ಒಂದು ಸೀಸೆಯಿಂದ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಕೆಟ್ಟಿದ್ದು ಆ ಒಂದು ಸೀಸೆ. ಹಾಫ್‌ಕಿನ್ ನಿರ್ದೋಷಿ ಎಂದಾಗುವಷ್ಟರಲ್ಲಿ 1907 ಬಂದಿತ್ತು. ಆದ್ದರಿಂದ ನನ್ನ ಪ್ರಕಾರ ಕೇಳಬೇಕಾದದ್ದು ಪಾದರಸದ ಪ್ರಶ್ನೆಯಲ್ಲ, ಸೀಸೆಯ ಪ್ರಶ್ನೆ. ಅದನ್ನು ವೀಣಾ ಅವರೇ ಹೇಳಬೇಕು.

ವೀಣಾ (ನರ್ಸ್, ಗದಗ): ಬೆಳಗ್ಗೆಯೇ ನನ್ನನ್ನು ಎಳೆದಿರಾ. ಹೇಳುತ್ತೇನೆ, ಬಸವರಾಜ ಅವರೇ, ಗುರುವಾರ ನೀವೇ ಮುಂದೆ ನಿಂತು ನೋಡಿರಿ.

ಎಂಆರ್ ಲಸಿಕೆ ಸೀಸೆಯಲ್ಲಿ ಒಣ ಪುಡಿಯಾಗಿ ಬರುತ್ತದೆ. ಮುಚ್ಚಳದ ಮೇಲೆ ಒಂದು ವೃತ್ತ, ಅದರೊಳಗೊಂದು ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ಬೆಳ್ಳಗಿದ್ದರೆ ಸರಿ. ಬಿಸಿ ತಾಗಿದಷ್ಟೂ ಅದು ಕಪ್ಪಾಗುತ್ತದೆ, ವೃತ್ತದಷ್ಟೇ ಕಪ್ಪಾದರೆ ಆ ಸೀಸೆಯನ್ನು ಮುಟ್ಟುವಂತಿಲ್ಲ. ಜೊತೆಗೆ ಕಂಪನಿಯೇ ಕೊಟ್ಟ ದ್ರಾವಣವನ್ನು ಬೆರೆಸಬೇಕು, ಬೇರೆ ಯಾವ ನೀರೂ ಆಗದು. ಬೆರೆಸಿದ ಹೊತ್ತನ್ನು ಸೀಸೆಯ ಮೇಲೆ ಬರೆಯಬೇಕು. ನಾಲ್ಕು ಗಂಟೆಯೊಳಗೆ ಮುಗಿಯದಿದ್ದರೆ ಉಳಿದದ್ದನ್ನು ಬಿಸಾಡಬೇಕು. ಎಷ್ಟೇ ಉಳಿದಿರಲಿ, ಮರುದಿನಕ್ಕೆ ಇಡುವಂತಿಲ್ಲ. ಏಕೆ ಗೊತ್ತೇ? ಕೆಡದಂತೆ ಕಾಯುವ ಔಷಧ ಈ ಲಸಿಕೆಯಲ್ಲಿ ಇಲ್ಲವೇ ಇಲ್ಲ. ನಿಮ್ಮ ವಿಡಿಯೊ ಹೇಳುವ ಪಾದರಸದ ಅಂಶ ಬೇರೆ ಕೆಲವು ಲಸಿಕೆಗಳಲ್ಲಿ ಅತ್ಯಲ್ಪ ಇರುವುದೇ ಆ ಕೆಲಸಕ್ಕೆ. ಇದರಲ್ಲಿ ಅದು ಇಲ್ಲ. ಇಲ್ಲದ್ದರಿಂದಲೇ ಗಡಿಯಾರ ನೋಡಬೇಕು.

ಶೋಭಾ: ಅಂದರೆ ವಿಡಿಯೊ ಹೆದರಿಸಿದ್ದು ಇಲ್ಲದ ವಸ್ತುವಿಗೆ!

ವೀಣಾ: ಹೌದು. ಮತ್ತೆ ಸಿರಿಂಜ್ ಒಂದು ಮಗುವಿಗೆ ಒಂದೇ, ಒಮ್ಮೆ ಒತ್ತಿದರೆ ಲಾಕ್ ಆಗುತ್ತದೆ. ಪೊಟ್ಟಣವನ್ನು ನಿಮ್ಮ ಮುಂದೆಯೇ ಹರಿಯಲು ಹೇಳಿರಿ. ಬಲತೋಳಿಗೆ ಹಾಕುತ್ತಾರೆ, ಜೊತೆಗೆ ವಿಟಮಿನ್ ಎ ಹನಿ ಕೊಡುತ್ತಾರೆ. ಈರಪ್ಪನ ಕಣ್ಣಿನ ಮಾತು ಬಂತಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆ: ದಡಾರ ಬಂದಾಗ ವಿಟಮಿನ್ ಎ ಕುಗ್ಗಿದರೆ ಕಣ್ಣು ಹೋಗಬಹುದು. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತುಕೊಳ್ಳಿರಿ. ಕೆಲವು ಮಕ್ಕಳಿಗೆ ಇದರ ಜ್ವರ ಮರುದಿನವಲ್ಲ, 7ರಿಂದ 12 ದಿನಗಳ ನಡುವೆ ಬರುತ್ತದೆ, ಮೈಮೇಲೆ ತೆಳುವಾಗಿ ಗಂಧೆಯೂ ಏಳಬಹುದು. ಈಗಲೇ ಹೇಳಿದ್ದೇನೆ, ಆಮೇಲೆ ಹೇಳಲಿಲ್ಲ ಎನ್ನಬೇಡಿರಿ.

ಬಸವರಾಜ: ಒಂದು ವರ್ಷ ತುಂಬಿ ಕೂಸು ಗಟ್ಟಿಯಾದ ಮೇಲೆ ಹಾಕಿಸಿದರೆ?

ವೀಣಾ: ತಾಯಿಯಿಂದ ಬಂದ ರಕ್ಷಣೆ ಹೊಟ್ಟೆಯಲ್ಲಿದ್ದಾಗ ಕೊಟ್ಟದ್ದು. ಒಂಬತ್ತು ತಿಂಗಳ ಹೊತ್ತಿಗೆ ಅದು ಕರಗಿರುತ್ತದೆ. ಅದಕ್ಕೆ ಮೊದಲು ಹಾಕಿದರೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಕಾಯುತ್ತ ಕುಳಿತರೆ ಕೂಸು ಬರಿಗೈಯಲ್ಲಿರುತ್ತದೆ. ಎರಡನೆಯದು 16ರಿಂದ 24 ತಿಂಗಳೊಳಗೆ. ಸಂತಾನದ ಮಾತಂತೂ ತಲೆಕೆಳಗು. ಎಂಆರ್‌ನಲ್ಲಿ ಆರ್ ಎಂದರೆ ರುಬೆಲ್ಲಾ. ಬಸುರಿಗೆ ಮೊದಲ ತಿಂಗಳುಗಳಲ್ಲಿ ಆ ಸೋಂಕು ತಗುಲಿದರೆ ಹುಟ್ಟುವ ಮಗುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ದೋಷ ಬರಬಹುದು. ನಿಮ್ಮ ಮೊಮ್ಮಗಳು ನಾಳೆ ತಾಯಿಯಾಗುವವಳು.

ನಾಗಪ್ಪ: ವಿಡಿಯೊದಲ್ಲಿ ಬಿದ್ದ ಆ ಹುಡುಗಿ?

ವೀಣಾ: ಆ ವಿಡಿಯೊ ಎಲ್ಲಿಯದು, ಏನಾಯಿತು ಎಂದು ಅದರಲ್ಲಿ ಯಾರೂ ಹೇಳಿಲ್ಲ. 2017ರಲ್ಲಿ ಕರ್ನಾಟಕದಲ್ಲಿ ಶಾಲೆ ಶಾಲೆಗೆ ಹೋಗಿ ಎಂಆರ್ ಹಾಕಿದಾಗ ನಾನೂ ಆ ಕೆಲಸದಲ್ಲಿದ್ದೆ. ಸೂಜಿ ನೋಡಿಯೇ ಒಬ್ಬಳು ಕುಸಿದರೆ ಹಿಂದಿನ ಸಾಲಿನಲ್ಲಿ ಇನ್ನಿಬ್ಬರು. ನೀರು ಚಿಮುಕಿಸಿ ಮಲಗಿಸಿದರೆ ಎದ್ದು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಆಗಲೂ ಇಂಥವೇ ಸಂದೇಶಗಳು ಹರಿದಾಡಿದ್ದವು.

ಅಡ್ಮಿನ್ ಶೋಭಾ ಒಂದು ಸಂದೇಶವನ್ನು ಅಳಿಸಿದ್ದಾರೆ.

ಬಸವರಾಜ: ಕೇಳದೆ ಅಳಿಸಿದಿರಲ್ಲ!

ಶೋಭಾ: ಕೇಳಿದ್ದರೆ ನೀವು ಬಿಡುತ್ತಿರಲಿಲ್ಲ.

ಬಸವರಾಜ: ಇರಲಿ. ಸೊಸೆಗೆ ಹೇಳಿದ್ದೇನೆ. ಗುರುವಾರ ನಾನೇ ಕರೆದುಕೊಂಡು ಹೋಗುತ್ತೇನೆ. ಆದರೆ ಚೌಕ ನೋಡಿ, ಪುಡಿ ಬೆರೆಸುವುದನ್ನು ನೋಡಿ, ಗಡಿಯಾರ ನೋಡಿ, ಆಮೇಲೆಯೇ ಕೂಸಿನ ತೋಳು ಕೊಡುವುದು. ಅಲ್ಲಿಯ ಸಿಸ್ಟರ್ ಸಿಡಿಮಿಡಿಗೊಂಡರೆ ಎದ್ದು ಬರುತ್ತೇನೆ.

ವೀಣಾ: ಸಿಡಿಮಿಡಿಗೊಂಡರೆ ನನಗೆ ಫೋನು ಹಚ್ಚಿರಿ, ಎದ್ದು ಬರಬೇಡಿರಿ. ತಾಯಿ ಕಾರ್ಡ್ ಮರೆಯಬೇಡಿರಿ.

ಮಹಾಂತೇಶ: ಈ ವಿಡಿಯೊವನ್ನು ಬೇರೆ ಎಲ್ಲಿಗೆ ಕಳುಹಿಸಿದ್ದೀಯ?

ಬಸವರಾಜ: ಬೀಗರ ಗುಂಪಿಗೆ. ಮತ್ತೆ ಹೋರಿ ಅಭಿಮಾನಿಗಳ ಗುಂಪಿಗೆ. ಅಲ್ಲಿ ಮುನ್ನೂರು ಜನ ಇದ್ದಾರೆ.

ಗಿರೀಶ: ನಾನು ಏನೂ ಬರೆಯುವುದಿಲ್ಲ.

ವೀಣಾ: ಹಾಗಾದರೆ ಗುರುವಾರ ಸೂಜಿ ಹಾಕಿಸಿದ ಮೇಲೆ ಕೂಸಿನ ಜೊತೆ ನಿಮ್ಮದೊಂದು ಫೋಟೊ ತೆಗೆದು ಎರಡೂ ಗುಂಪಿಗೆ ಹಾಕಿಬಿಡಿರಿ.

ಬಸವರಾಜ: ಮೊದಲು ಆ 12 ದಿನ ಕಳೆಯಲಿ. ಜ್ವರ ಬಂದು ಇಳಿಯಲಿ. ಆಮೇಲೆ ನೋಡೋಣ.