ಅಪ್‌ಡೇಟ್: ಸ್ಟಾಕ್‌ಗೆ ತಗುಲಿ ಜರುಗುತ್ತಿದ್ದ ಇಯರ್‌ಮಫ್

ರೈಫಲ್ ಸ್ಟಾಕ್ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ) ಮೇಲೆ ಕೆನ್ನೆ ಇಟ್ಟು ಸ್ಕೋಪ್‌ನಲ್ಲಿ ಗುರಿ ನೋಡುವಾಗ ಇಯರ್‌ಮಫ್ (ಸದ್ದು ತಡೆಯಲು ಇಡೀ ಕಿವಿ ಮುಚ್ಚುವ ಕಪ್) ಜರುಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಈಗ ಸರಿಹೋಗಿದೆ. ಎಲ್ಲರಿಗೂ ಥ್ಯಾಂಕ್ಸ್!

ನಿಜವಾಗಿ ನೆರವಾದದ್ದು ಫೋಮ್ ಇಯರ್‌ಪ್ಲಗ್. ಮೊದಲು ಸುಮ್ನೆ ಕಿವಿಗೆ ತುರುಕುತ್ತಿದ್ದೆ, ಸದ್ದು ಒಳಗೆ ನುಗ್ಗುತ್ತಿತ್ತು. ಈಗ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಾಕುತ್ತೇನೆ. ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯುತ್ತೇನೆ. ವ್ಯತ್ಯಾಸ ತುಂಬಾ ಜಾಸ್ತಿ.

ರೈಫಲ್ ಸದ್ದು 140 ಡೆಸಿಬೆಲ್ ದಾಟುತ್ತದೆ. ಒಂದೇ ಗುಂಡಿಗೂ ಕಿವಿ ಹಾಳಾಗಬಹುದು, ಅಲ್ವಾ? ಅದಕ್ಕೇ ಮೇಲೆ ತೆಳು ಕಪ್‌ನ ಮಫ್ ಕೂಡ ಹಾಕುತ್ತೇನೆ. ಇದರಿಂದ ಹೆಚ್ಚುವ ರಕ್ಷಣೆ ಸುಮಾರು 5 ಡೆಸಿಬೆಲ್ ಅಷ್ಟೇ, ಆದರೂ ನನಗೆ ಬೇಕು. ಸ್ಟಾಕ್ ಮೇಲೆ ಚೀಕ್ ರೈಸರ್ (ಕೆನ್ನೆಯನ್ನು ಎತ್ತರಿಸುವ ಪ್ಯಾಡ್) ಹಾಕಿದ ಮೇಲೆ ತಲೆ ನೆಟ್ಟಗಿರುತ್ತದೆ, ಕಪ್ ತಾಗುವುದಿಲ್ಲ.