ಹಲಸಿನ ಮೇಜಿನ ಎಪಾಕ್ಸಿ ಲೇಪ: ಆರು ದಿನವಾದರೂ ಎರಡನೆಯ ಪದರ ಗಟ್ಟಿಯಾಗುತ್ತಿಲ್ಲ

ತೀರ್ಥಹಳ್ಳಿ_ಹಲಗೆ:
ಹಳೆಯ ಮನೆಯನ್ನು ಬಿಚ್ಚಿದಾಗ ಸಿಕ್ಕ ಹಲಸಿನ ಹಲಗೆಗಳನ್ನು ಕೂಡಿಸಿ ಊಟದ ಮೇಜೊಂದನ್ನು ಮಾಡಿದ್ದೇನೆ. ಅದರ ಮೇಲಿನ ಎಪಾಕ್ಸಿಯ ಎರಡನೆಯ ಪದರ ಆರು ದಿನ ಕಳೆದರೂ ಗಟ್ಟಿಯಾಗಿಲ್ಲ. ಬೆರಳಿಟ್ಟರೆ ಗುರುತು ಬೀಳುತ್ತದೆ, ಅಂಚಿನಲ್ಲಿ ಎರಡು ಕಡೆಯಂತೂ ಜೋನಿಬೆಲ್ಲದಂತೆ ಕೈಗೆ ಅಂಟುತ್ತದೆ. ಡಬ್ಬಿಯ ಮೇಲಿರುವಂತೆ ಎರಡು ಪಾಲು ರೆಸಿನ್‌ಗೆ (ಎಪಾಕ್ಸಿಯ ಮುಖ್ಯ ಅಂಟುದ್ರವ) ಒಂದು ಪಾಲು ಹಾರ್ಡ್ನರನ್ನೇ (ಅದನ್ನು ಗಟ್ಟಿಮಾಡುವ ದ್ರವ) ಅಳೆದಿದ್ದೇನೆ, ದಯವಿಟ್ಟು ಆ ಪ್ರಶ್ನೆಯನ್ನು ಮತ್ತೆ ಕೇಳಬೇಡಿ. ಹದಿನೈದು ದಿನದಲ್ಲಿ ಮನೆಯಲ್ಲಿ ಕಾರ್ಯವಿದೆ. ಏನು ಮಾಡಲಿ?

ಕುಡ್ಲ_ಮರಗೆಲಸ:
ಇದು ಮಳೆಗಾಲದ ತೇವದ ಕೆಲಸ, ಬೇರೇನೂ ಅಲ್ಲ. ಹಾರ್ಡ್ನರಿನಲ್ಲಿರುವ ಅಮೀನ್ ಎಂಬ ರಾಸಾಯನಿಕ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಮೇಣದಂಥ ಜಿಡ್ಡು ಪೊರೆ ಕಟ್ಟುತ್ತದೆ. ಅದು ನೀರಿನಲ್ಲಿ ಕರಗುವುದರಿಂದ ಬೆಚ್ಚಗಿನ ನೀರು ಮತ್ತು ಪಾತ್ರೆ ಉಜ್ಜುವ ನಾರಿನಿಂದ ತೊಳೆದು ಒರೆಸಿ. ನನ್ನ ಕೋಣೆಯಲ್ಲಿ ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಇಟ್ಟಿದ್ದೇನೆ, ಎರಡು ತೇವಮಾಪಕಗಳೂ ಇವೆ, ಜುಲೈನಲ್ಲಿಯೂ ಶೇಕಡಾ 55 ದಾಟಲು ಬಿಡುವುದಿಲ್ಲ.

ತೀರ್ಥಹಳ್ಳಿ_ಹಲಗೆ:
ಎರಡು ಸಲ ತೊಳೆದೆ. ಜಿಡ್ಡು ಹೋಯಿತು, ಆದರೆ ಒಳಗಿನ ಮೆತ್ತಗಿನ ಗುಣ ಹಾಗೆಯೇ ಇದೆ.

ಕುಡ್ಲ_ಮರಗೆಲಸ:
ಹಾಗಾದರೆ ಹಲಗೆಯೊಳಗೇ ತೇವವಿದೆ. ಶೇಕಡಾ 12ಕ್ಕಿಂತ ಹೆಚ್ಚು ತೇವವಿರುವ ಮರಕ್ಕೆ ನಾನು ರೆಸಿನ್ ಮುಟ್ಟಿಸುವುದೇ ಇಲ್ಲ.

ಮಲ್ಪೆ_ಫೈಬರ್:
ದೋಣಿಗಳ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಮಳೆಯಲ್ಲಿ ಗಟ್ಟಿಯಾಗದಿದ್ದರೆ ಹಾರ್ಡ್ನರ್ ತುಸು ಹೆಚ್ಚಿಸುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಮೇಲೆ ತೆಳುವಾಗಿ ಹಾರ್ಡ್ನರ್ ಹಚ್ಚಿ ನೋಡಿ.

ರಸಾಯನ_ಮೇಷ್ಟ್ರು:
ದಯವಿಟ್ಟು ಹಚ್ಚಬೇಡಿ. ಮಲ್ಪೆಯವರ ಅನುಭವದ ಬಗ್ಗೆ ನನಗೆ ಗೌರವವಿದೆ, ಆದರೆ ದೋಣಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದಕ್ಕೆ ಶೇಕಡಾ 1ರಿಂದ 2ರಷ್ಟು ಸೇರಿಸುವ ದ್ರವ ಕ್ರಿಯೆಯನ್ನು ಆರಂಭಿಸುತ್ತದೆ ಅಷ್ಟೇ, ಆದ್ದರಿಂದ ಪ್ರಮಾಣದಲ್ಲಿ ತುಸು ಆಚೀಚೆಯಾದರೂ ನಡೆಯುತ್ತದೆ. ಎಪಾಕ್ಸಿಯಲ್ಲಿ ಹಾರ್ಡ್ನರ್ ತಾನೇ ಕ್ರಿಯೆಯಲ್ಲಿ ಪಾಲ್ಗೊಂಡು ರೆಸಿನ್ ಅಣುಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಹೆಚ್ಚಾದ ಹಾರ್ಡ್ನರಿಗೆ ಜೊತೆ ಸಿಗದೆ ಅದು ಪದರವನ್ನು ಮೆತ್ತಗೆ ಮಾಡುತ್ತ ಒಳಗೇ ಉಳಿದುಬಿಡುತ್ತದೆ.
ತೀರ್ಥಹಳ್ಳಿಯವರೇ, ಮೊದಲನೆಯ ಪದರ ಹೇಗಿದೆ? ಎರಡನೆಯದಕ್ಕೆ ಏನನ್ನು ಬದಲಿಸಿದಿರಿ?

ಮಲ್ಪೆ_ಫೈಬರ್:
ನಾವು ಎಪಾಕ್ಸಿಯನ್ನೂ ಬಳಸಿದ್ದೇವೆ. ಪುಸ್ತಕದ ಮಾತಿಗಿಂತ ಕೈಯ ಅನುಭವ ದೊಡ್ಡದು.

ತೀರ್ಥಹಳ್ಳಿ_ಹಲಗೆ:
ಮೊದಲನೆಯ ಪದರ ಎರಡೇ ದಿನದಲ್ಲಿ ಕಲ್ಲಿನಂತಾಯಿತು. ಆಗ ಗೆರೆ ಹಾಕಿದ ಲೋಟಗಳಲ್ಲಿ ಅಳೆದಿದ್ದೆ. ಎರಡನೆಯ ಸಲ ಇನ್ನೂ ನಿಖರವಾಗಿರಲೆಂದು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 400 ಗ್ರಾಂ ರೆಸಿನ್, 200 ಗ್ರಾಂ ಹಾರ್ಡ್ನರ್ ತೂಗಿದೆ. ಮಳೆ ಜೋರಾಗಿದ್ದುದರಿಂದ ಬೇಗ ಗಟ್ಟಿಯಾಗಲೆಂದು ಹಾರ್ಡ್ನರನ್ನು 20 ಗ್ರಾಂ ಹೆಚ್ಚು ಹಾಕಿದೆ. ಕೊನೆಯಲ್ಲಿ ಲೋಟವನ್ನು ಚೆನ್ನಾಗಿ ಕೆರೆದು ಅಂಚಿಗೆ ಸುರಿದೆ.

ರಸಾಯನ_ಮೇಷ್ಟ್ರು:
ಉತ್ತರ ಇಲ್ಲಿಯೇ ಇದೆ. ಅದೇ ಕೋಣೆಯಲ್ಲಿ, ಅದೇ ಮಳೆಯಲ್ಲಿ ಮೊದಲನೆಯ ಪದರ ಗಟ್ಟಿಯಾಗಿರುವಾಗ ತೇವವನ್ನು ಮುಖ್ಯ ಕಾರಣವೆನ್ನಲಾಗದು. ಡಬ್ಬಿಯ ಜೊತೆಗಿದ್ದ ಹಾಳೆಯನ್ನು ಓದಿ: ಎರಡಕ್ಕೆ ಒಂದು ಎಂಬುದು ಗಾತ್ರದ ಅಳತೆಯೋ, ತೂಕದ ಅಳತೆಯೋ?

ತೀರ್ಥಹಳ್ಳಿ_ಹಲಗೆ:
ಗಾತ್ರದಲ್ಲಿ 2:1, ತೂಕದಲ್ಲಿ 100:43 ಎಂದಿದೆ. ಸಣ್ಣ ಅಕ್ಷರದಲ್ಲಿತ್ತು, ನೋಡಿರಲಿಲ್ಲ.

ರಸಾಯನ_ಮೇಷ್ಟ್ರು:
ರೆಸಿನ್‌ಗಿಂತ ಹಾರ್ಡ್ನರ್ ಹಗುರವಾದ್ದರಿಂದ ಈ ವ್ಯತ್ಯಾಸ. 400 ಗ್ರಾಂ ರೆಸಿನ್‌ಗೆ 172 ಗ್ರಾಂ ಸಾಕಿತ್ತು, ತಾವು 220 ಗ್ರಾಂ ಹಾಕಿದ್ದೀರಿ. ಬೇಕಾದುದಕ್ಕಿಂತ ಕಾಲುಭಾಗಕ್ಕೂ ಮಿಗಿಲು! ಇನ್ನು ಅಂಚಿನ ಅಂಟು ಬೇರೆಯೇ ತಪ್ಪು. ಲೋಟದ ಗೋಡೆಗೆ ಮೆತ್ತಿಕೊಂಡಿರುವುದು ಸರಿಯಾಗಿ ಬೆರೆಯದ ರೆಸಿನ್, ಅದನ್ನು ಕೆರೆದು ಸುರಿದ ಕಡೆ ಅದು ಗಟ್ಟಿಯಾಗುವುದಿಲ್ಲ. ಕಲಸುವಾಗಲೇ ಗೋಡೆ ಮತ್ತು ತಳವನ್ನು ಕೆರೆಯುತ್ತಿರಬೇಕು, ಬಳಿಕ ಇನ್ನೊಂದು ಲೋಟಕ್ಕೆ ಸುರಿದು ಮತ್ತೆ ಕಲಸಬೇಕು.

ಕುಡ್ಲ_ಮರಗೆಲಸ:
ಲೆಕ್ಕ ಒಪ್ಪುತ್ತೇನೆ. ಆದರೂ ಹೀಟರ್ ಇಟ್ಟು ಒಂದು ವಾರ ಕಾಯುವುದರಲ್ಲಿ ನಷ್ಟವೇನು?

ರಸಾಯನ_ಮೇಷ್ಟ್ರು:
ಚಳಿಯಿಂದ ನಿಧಾನವಾದ ಪದರಕ್ಕೆ ಶಾಖ ನೆರವಾಗುತ್ತದೆ. ಅನುಪಾತ ತಪ್ಪಿದ ಪದರ ಶಾಖದಿಂದ ತುಸು ಬಿಗಿಯಾದರೂ ಪೂರ್ಣ ಗಟ್ಟಿಯಾಗದು, ಮೇಲೆ ಹೊಸ ಪದರ ಎಳೆದರೂ ಅಡಿಪಾಯ ಮೆತ್ತಗೇ ಉಳಿಯುತ್ತದೆ. ಬಿಸಿಗಾಳಿ ಊದುವ ಹೀಟ್ ಗನ್‌ನಿಂದ ಹದವಾಗಿ ಬಿಸಿಮಾಡಿ ಸ್ಕ್ರೇಪರಿನಿಂದ ಎಬ್ಬಿಸಿ. ಕೈಗೆ ನೈಟ್ರೈಲ್ ಗವಸು ಇರಲಿ, ಕಿಟಕಿಗಳು ತೆರೆದಿರಲಿ, ಏಕೆಂದರೆ ಗಟ್ಟಿಯಾಗದ ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಿಸಬಹುದು, ಒಮ್ಮೆ ಹುಟ್ಟಿದ ಅಲರ್ಜಿ ಜೀವನಪೂರ್ತಿ ಉಳಿಯಬಹುದು. ಹೀಟ್ ಗನ್ ಪೂರ್ತಿ ಆರಿದ ಮೇಲೆ ಉಳಿದ ಜಿಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿದ ಬಳಿಕ ಮಾಸ್ಕ್ ಧರಿಸಿ 120 ನಂಬರಿನ ಸ್ಯಾಂಡ್ ಪೇಪರಿನಿಂದ ಉಜ್ಜಿ.

ಮಲ್ಪೆ_ಫೈಬರ್:
ಅಸಿಟೋನ್ ಇನ್ನೂ ಬೇಗ ಒರೆಸುತ್ತದೆ. ಹಾರ್ಡ್ನರ್ ಹಚ್ಚಿ ಎಂದಿದ್ದನ್ನು ಹಿಂದೆಗೆದುಕೊಳ್ಳುತ್ತೇನೆ, ನನ್ನ ಮನಸ್ಸಿನಲ್ಲಿ ಪಾಲಿಯೆಸ್ಟರ್ ಲೆಕ್ಕವೇ ಇತ್ತು.

ತೀರ್ಥಹಳ್ಳಿ_ಹಲಗೆ:
ಎರಡು ದಿನ ಕೂತು ಪೂರ್ತಿ ಎಬ್ಬಿಸಿದೆ. ಕೆಳಗಿನ ಪದರ ಗಟ್ಟಿಯಾಗಿಯೇ ಇದೆ. 100:43ರಂತೆ ತೂಗಿ, ಎರಡು ಲೋಟಗಳಲ್ಲಿ ಕಲಸಿ ತುಂಡು ಹಲಗೆಯೊಂದಕ್ಕೆ ಹಚ್ಚಿದ ಮಾದರಿಗೆ ಮೂರನೆಯ ದಿನ ಉಗುರಿನ ಗುರುತೂ ಬೀಳಲಿಲ್ಲ. ಆದರೆ ಎರಡು ಹಲಗೆಗಳ ನಡುವಿನ ಸೀಳಿಗೆ ಇಳಿದಿರುವ ಮೆತ್ತಗಿನ ರೆಸಿನ್ ಸ್ಕ್ರೇಪರಿಗೆ ಸಿಗುತ್ತಿಲ್ಲ. ಅದನ್ನು ಹಾಗೆಯೇ ಬಿಡಬಹುದೇ?

ರಸಾಯನ_ಮೇಷ್ಟ್ರು:
ಬಿಡಬೇಡಿ. ಸಣ್ಣ ಉಳಿಯಿಂದ ಅಗೆದು ತೆಗೆಯಿರಿ. ಹೊಸ ಪದರದ ಮೇಲೆ ಬಿಸಿ ಪಾತ್ರೆ ಇಡಲು ಕನಿಷ್ಠ ಏಳು ದಿನ ಕಾಯಿರಿ, ಆಮೇಲೂ ಪಾತ್ರೆಯ ಕೆಳಗೆ ಸಿಂಬಿ ಇರಲಿ.