ಪ್ಯಾಕೆಟ್ ಮೇಲೆ ಸಂಘದ ಸೀಲ್ ಇದ್ದರೆ ಹೊಣೆ ಯಾರದ್ದು?

ಪ್ರಶ್ನೆ (ಕಾಸರಗೋಡಿನ ಬದಿಯಡ್ಕದಿಂದ):
ವಕೀಲರೇ, ನಮಸ್ಕಾರ. ನಾನು ಮನೆಯಲ್ಲೇ ಹಲಸಿನ ಹಪ್ಪಳ, ಮಾಂಬಳ, ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಕೆ-ಸ್ವಿಫ್ಟ್‌ನಲ್ಲಿ (ಉದ್ದಿಮೆ ಅನುಮತಿಗೆ ಇರುವ ಕೇರಳ ಸರಕಾರದ ವೆಬ್‌ಸೈಟ್) ಸ್ವಯಂ ಘೋಷಣೆ ಕೊಟ್ಟು ಸ್ವೀಕೃತಿ ಪತ್ರ ತೆಗೆದುಕೊಂಡಿದ್ದೇನೆ. ಸದ್ಯ ಪಂಚಾಯತ್ ಲೈಸನ್ಸ್ ಬೇಡ ಅಂದರು. ಈಗ ನಮ್ಮ ಸಂಘ ‘ಪರೀಕ್ಷಿಸಿದ ಶುದ್ಧ ವಸ್ತು’ ಅಂತ ಒಂದು ಸೀಲ್ ಮಾಡಿದೆ. ಎಲ್ಲರ ಪ್ಯಾಕೆಟ್ ಮೇಲೂ ಅಂಟಿಸಬೇಕಂತೆ. ಆದರೆ ಪರೀಕ್ಷೆಗೆ ಅಂತ ಯಾರೂ ಬಂದಿಲ್ಲ. ತಿಂದವರಿಗೆ ಏನಾದರೂ ಆದರೆ ಕೇಸು ನನ್ನ ಮೇಲಾ, ಸಂಘದ ಮೇಲಾ?

ಉತ್ತರ:
ಇಬ್ಬರ ಮೇಲೂ ಬರಬಹುದು ಅಕ್ಕಾ.

ಕೇರಳದ 2019ರ ಸಣ್ಣ ಉದ್ದಿಮೆ ಕಾಯ್ದೆ ಪ್ರಕಾರ ಆ ಪತ್ರ 3 ವರ್ಷ ನಡೆಯುತ್ತದೆ. ಆಮೇಲೆ 6 ತಿಂಗಳೊಳಗೆ ಅನುಮತಿಗಳನ್ನೆಲ್ಲ ಮಾಡಿಸಿಕೊಳ್ಳಬೇಕು. ರಿಯಾಯಿತಿ ಇರುವುದು ರಾಜ್ಯದ ಅನುಮತಿಗಳಿಗೆ ಮಾತ್ರ. ಆಹಾರ ಸುರಕ್ಷತಾ ಕಾಯ್ದೆ ಕೇಂದ್ರದ್ದು. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ನಿಮಗೆ ಬೇಕೇ ಬೇಕು. ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ತಿಂದವರ ಹಕ್ಕಿಗೂ ಲೈಸನ್ಸಿಗೂ ಸಂಬಂಧ ಇಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 84ನೇ ಸೆಕ್ಷನ್ ನೋಡಿ. ಪ್ಯಾಕೆಟ್ ಮೇಲೆ ಬರೆದ ಭರವಸೆಯಂತೆ ವಸ್ತು ಇಲ್ಲದೆ ಯಾರಿಗಾದರೂ ಹಾನಿಯಾದರೆ ತಯಾರಿಸಿದವರು ಹೊಣೆ. ‘ನಾನು ಜಾಗ್ರತೆಯಲ್ಲೇ ಮಾಡಿದ್ದೆ’ ಅಂದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ‘ಪರೀಕ್ಷಿಸಿದ’, ‘ಶುದ್ಧ’ ಅನ್ನುವುದು ಅಂಥ ಭರವಸೆಯೇ ಅಲ್ವಾ?

ಇನ್ನು ಸಂಘದ್ದು. ಅದೇ ಕಾಯ್ದೆಯಲ್ಲಿ ಲೇಬಲ್, ಹೊದಿಕೆ ಕೂಡ ಜಾಹೀರಾತು. ಅದರ ಮೇಲೆ ಒಂದು ಸಂಸ್ಥೆಯ ಸೀಲ್ ಕಂಡು ‘ಇವರು ನೋಡಿದ್ದಾರೆ’ ಅಂತ ಜನ ನಂಬಿದರೆ ಆ ಸಂಸ್ಥೆ ಅನುಮೋದನೆ ಕೊಟ್ಟ ಹಾಗೆ. ಅದು ಸುಳ್ಳಾದರೆ 21ನೇ ಸೆಕ್ಷನ್ ಪ್ರಕಾರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಸೀಲ್ ಕೊಡುವ ಮೊದಲು ಸರಿಯಾಗಿ ವಿಚಾರಿಸಿದ್ದೇವೆ ಅಂತ ತೋರಿಸಿದರೆ ಸಂಘಕ್ಕೆ ದಂಡ ಇಲ್ಲ. ನೀವು ಹೇಳುವುದು ನೋಡಿದರೆ ತೋರಿಸಲು ಒಂದು ಕಾಗದವೂ ಇದ್ದಂತಿಲ್ಲ. ನನಗೆ ಹೆದರಿಕೆ ಆಗುವುದು ಅಲ್ಲೇ. ಲೈಸನ್ಸ್ ಇರುವಾಗ ವರ್ಷಕ್ಕೊಮ್ಮೆಯಾದರೂ ಯಾರೋ ಬಂದು ಅಡುಗೆಮನೆ ನೋಡುತ್ತಿದ್ದರು. ಆ ಕೆಲಸ ನಾವೇ ಮಾಡುತ್ತೇವೆ ಅಂತ ಸಂಘ ಹೇಳಿದ ಮೇಲೆ ನಿಜವಾಗಿ ಮಾಡಲೇಬೇಕು.

ಪ್ರಶ್ನೆ (ಅದೇ ಸಂಘದ ಕಮಿಟಿ ಸದಸ್ಯರಿಂದ):
ನಾವು ಸಂಬಳ ಇಲ್ಲದೆ ಓಡಾಡುವವರು. ನಾಳೆ ನಮ್ಮ ಮನೆ ಜಪ್ತಿ ಆಗುತ್ತದಾ?

ಉತ್ತರ:
ಸಂಘ ನೋಂದಣಿ ಆಗಿದೆಯಾ ಅಣ್ಣಾ? ಕಾಸರಗೋಡು ಮೊದಲು ಮದ್ರಾಸಿನದ್ದಾಗಿದ್ದ ಕಾರಣ ನಮಗೆ ಇಲ್ಲಿ 1860ರ ಸೊಸೈಟಿ ನೋಂದಣಿ ಕಾಯ್ದೆ. ಅದರ 8ನೇ ಸೆಕ್ಷನ್ ಪ್ರಕಾರ, ಸಂಘದ ಪರವಾಗಿ ನಿಂತ ಪದಾಧಿಕಾರಿ ಮೇಲೆ ತೀರ್ಪು ಬಂದರೂ ವಸೂಲಿ ಸಂಘದ ಆಸ್ತಿಯಿಂದಲೇ. ಆದರೆ ನೋಡದೆಯೇ ‘ನೋಡಿದ್ದೇನೆ’ ಅಂತ ಗೊತ್ತಿದ್ದೂ ಸಹಿ ಹಾಕಿದವರನ್ನು ಈ ಸೆಕ್ಷನ್ ಕಾಪಾಡುವುದಿಲ್ಲ. ಆ ಮೋಸಕ್ಕೆ ಅವರೇ ಹೊಣೆ.

ಒಂದು ಕೆಲಸ ಮಾಡಿ. ಪ್ರತಿ ಮನೆಗೆ ಹೋಗಿ ನೋಡಿ, ಸ್ಯಾಂಪಲ್ ಲ್ಯಾಬಿಗೆ ಕಳುಹಿಸಿ, ತಾರೀಕು ಹಾಕಿ ಪುಸ್ತಕದಲ್ಲಿ ಬರೆದಿಡಿ. ಅಲ್ಲಿವರೆಗೆ ‘ಸಂಘದ ಸದಸ್ಯರು’ ಅಂತ ಮಾತ್ರ ಹಾಕಿಸಿ. ಸ್ಟಿಕ್ಕರ್ ಆಗಲೇ ಪ್ರಿಂಟ್ ಆಗಿದ್ದರೂ ಅಂಟಿಸಬೇಡಿ.